ಮುನ್ನೂರಾ ಹನ್ನೆರಡು ರಟ್ಟು

ಮಗಳಿಗೆ ನಾಳೆ ಬಿ.ಕಾಂ ಪರೀಕ್ಷೆ.
ಬೆಟಗೇರಿಯಾಗ ಕರೆಂಟು ಹೋಗೈತಿ,
ಓಣಿಯ ಮಗ್ಗೆಲ್ಲಾ ಒಮ್ಮೆಲೆ ಉಸಿರು ಹಿಡಿದಾವು.
ಮೊಬೈಲ್ ಬೆಳಕಿಗೆ ಪುಸ್ತಕ ಓರೆ ಹಿಡಿದು
ವಿಶಾಲಾಕ್ಷಿ ಗಟ್ಟಿಯಾಗಿ ಓದಾಕತ್ತಾಳ:
ಬೇಲ್‌ಮೆಂಟ್.

ಕೋರ್ಟಿನ ಬೇಲೇನವ್ವಾ, ಅಂದೆ.
ಅಲ್ಲಪ್ಪಾ, ಮಂದಿ ತಮ್ಮ ವಸ್ತು ನಮ್ಮ ಕೈಯಾಗ ಬಿಟ್ಟು ಹೋಗೂದು,
ಕೆಲಸ ಮುಗಿದ ಮ್ಯಾಲ ನಾವು ತಿರುಗಿ ಒಪ್ಪಿಸೂದು.
ನೀ ಮಾಡೂದು ಅದನ್ನ ಅಲ್ಲೇನು?

ಹೌದು. ಮೂವತ್ತು ವರ್ಷ ಅದನ್ನ ಮಾಡೇನಿ.
ಜಕಾರ್ಡಿನ ರಟ್ಟು ಹರಿದರ, ತೂತು ಹಿಗ್ಗಿದರ,
ದಾರ ಸವೆದು ಸಾಲು ಬಿಚ್ಚಿದರ
ಗೋಣಿಚೀಲದಾಗ ಹೊತ್ತು ತರತಾರ ನನ್ನ ಕಡೆ.
ಗುಟ್ಟು ರಟ್ಟಾತು ಅಂತಾರ ಮಂದಿ;
ನನ್ನ ಕಸಬಿನಾಗ ಗುಟ್ಟಿರೂದೇ ರಟ್ಟಿನಾಗ.

ತನ್ನ ಸ್ವಂತ ವಸ್ತುವನ್ನು ಕಾಯುವಷ್ಟೇ ಎಚ್ಚರದಿಂದ,
ಅಂತ ಓದಿದಳು.
ಹಾಂಗ ಕಾದೇನಿ, ಅಂದೆ.
ತೊಯ್ದಿಲ್ಲ, ಸುಟ್ಟಿಲ್ಲ, ಒಂದೂ ಕಳೆದಿಲ್ಲ.

ಅಂಬೂಬಾಯಿ ಗಿರಣಿಯಾಗ ಪಾಳಿ ಹಚ್ಚಿ ನಿಂತಾಗ
ಚೆಲ್ಲಿದ ಹಿಟ್ಟಿನ ಮ್ಯಾಲ
ಪಾರಿವಾಳ ನಡೆದು ಹೋದ ಗುರುತು ಕಂಡಿದ್ದಳಂತ.
ಮುಂದ ಮೂರು ಬೆರಳು, ಹಿಂದ ಒಂದು.
ಚೌಕಳಿ ಹಾಳಿಯಾಗ ಎರಡು ತಿಂಗಳು ಬರೆದಳು, ಅಳಿಸಿದಳು,
ಅಡಗಿ ಹೊತ್ತಿಸಿ ಏಕನಾಥಸಾನ ಕೈಲಿ ಬೈಸಿಕೊಂಡಳು.
ಕಡೀಕ ಸೆರಗಿನ ತುಂಬ ಹಕ್ಕಿ ನಡೆಸಿದಳು,
ಹಕ್ಕಿ ಕಾಣಂಗಿಲ್ಲ, ಬರೇ ಹೆಜ್ಜಿ.

ಅದರಾಗ ಹದಿನೆಂಟು ರಟ್ಟು ಇಲಿ ಕಡಿದಿದ್ದವು.
ಹದಿನೆಂಟು ಹೊಸಾವು ಹೊಡೆದೆ.
ಅದೇ ವಾರ ಹುಬ್ಬಳ್ಳಿಯಿಂದ ಒಬ್ಬ ಸಾವಕಾರ ಬಂದ,
ಪವರ್‌ಲೂಮಿನವ, ಹೆಸರು ಬ್ಯಾಡ.
ಗೂಟದ ಮ್ಯಾಲಿನ ರಟ್ಟು ನೋಡಿದ, ಚಾ ಕುಡಿದ,
ಎಂಟು ಸಾವಿರ ಬಸಿಯ ಕೆಳಗಿಟ್ಟು ಹೋದ.

ಎರಡು ರಾತ್ರಿ ಸಾಕಾದವು.
ಹಿಂದಿನ ಬೆರಳಿನ ತೂತು ಮಾತ್ರ ಹೊಡೀಲಿಲ್ಲ.
ಇದು ಬ್ಯಾರೆ ಹಕ್ಕಿ ಅಂತ
ನನಗ ನಾನ ಹೇಳಿಕೊಂಡೆ.

ಅಂಬೂಬಾಯಿ ಬಂದು ಎಣಿಸಿದಳು: ಮುನ್ನೂರಾ ಹನ್ನೆರಡು.
ಎಲ್ಲಾ ಮುಟ್ಟಿದವು ಅಂತ ಚೀಟಿ ಮ್ಯಾಲ ಸಹಿ ಹಾಕಿದಳು.
ಕೂಲಿ ಕೊಟ್ಟು ಮ್ಯಾಲ
ಅರ್ಧ ಡಜನ್ ಬಾಳಿಹಣ್ಣು ಕೊಟ್ಟಳು.

ಅಪ್ಪಾ, ಇದು ಪಕ್ಕಾ ಬರೂ ಪ್ರಶ್ನೆ, ಕೇಳಿಲ್ಲೆ.
ಒಬ್ಬವ ತನ್ನ ಆಕಳ ಇನ್ನೊಬ್ಬನ ಕಡೆ ಬಿಟ್ಟು ಹೋದ.
ಅದು ಅಲ್ಲೇ ಕರು ಹಾಕಿತು.
ತಿರುಗಿ ಕೊಡಾಗ ಏನೇನು ಕೊಡಬೇಕು?

ನನ್ನ ಬಾಯಿ ಒಣಗಿತ್ತು.
ಆಕಳ, ಅಂದೆ.
ತಪ್ಪು, ಅಂತ ನಕ್ಕಳು, ಆಕಳನೂ, ಕರುನೂ.

ಹಾಳಿ ಹೊಳ್ಳಿಸಿದಳು. ಬೌದ್ಧಿಕ ಆಸ್ತಿ.
ಗೋಣಿಯಾಗ ತುಂಬಾಕ ಬಾರದ ಆಸ್ತಿ;
ಕದ್ದರೂ ಕಳಕೊಂಡವರ ಕಡೆ ಇದ್ದಲ್ಲೇ ಇರತೈತಿ,
ಅದಕ್ಕ ಎಣಿಸಿದರ ಲೆಕ್ಕ ಬರೋಬ್ಬರಿ ಬರತೈತಿ.
ವಿನ್ಯಾಸ ನೋಂದಣಿ ಮಾಡಿಸಿದರ ಮೊದಲ ಹತ್ತು ವರ್ಷದ ಹಕ್ಕು.
ಮಾಡಿಸದವರಿಗೆ? ಅಂದೆ.
ಅದು ಸಿಲೆಬಸ್ಸಿನಾಗ ಇಲ್ಲಪ್ಪಾ.

ಇವತ್ತ ಮುಂಜಾನೆ ಅಂಬೂಬಾಯಿ ಬಂದಿದ್ದಳು.
ಪಿಶವಿಯಿಂದ ಒಂದು ಸೀರಿ ತೆಗೆದಳು,
ಹುಬ್ಬಳ್ಳಿ ಪ್ಯಾಟ್ಯಾಗ ನಾನೂರೈವತ್ತಕ್ಕ ಕೊಂಡದ್ದು,
ನನ್ನ ಮೇಜಿನ ಮ್ಯಾಲ, ರಟ್ಟಿನ ಚೂರು ಸರಿಸಿ,
ಸೆರಗು ಹಾಸಿದಳು.
ಇಲ್ಲದ ಬೆರಳಿನ ಜಾಗದಾಗ ತನ್ನ ಬೆರಳಿಟ್ಟಳು.

ಈ ಹಕ್ಕಿ ಕುಂಟತೈತಿ ನೋಡ್ರಿ, ಅಂದಳು.

ಅಷ್ಟ. ಆಮ್ಯಾಲ ಹೊಸಾ ಚೀಲ ಇಳಿಸಿದಳು,
ದಾರ ಸಡಲಾಗ್ಯಾವು, ಬಿಗಿ ಮಾಡಿ ಕೊಡ್ರಿ,
ಎಣಿಸಿ ಇಟ್ಟುಕೋರಿ, ಅಂತ ಹೇಳಿ ಹೋದಳು.
ಚೀಟಿ ಕೇಳಲಿಲ್ಲ.

ಕರೆಂಟು ಬಂತು.
ಓಣಿ ತುಂಬ ಮಗ್ಗ ಮತ್ತ ಮಾತಾಡಾಕತ್ತಾವು.
ವಿಶಾಲಾಕ್ಷಿ ಪುಸ್ತಕ ಮುಚ್ಚಿ ಉಣ್ಣಾಕ ಕರೀತಾಳ.
ಮೂಲ್ಯಾಗ ಚೀಲ ಐತಿ.
ನಾ ಇನ್ನೂ ಬಾಯಿ ಬಿಚ್ಚಿಲ್ಲ.